ಎಲೆಯ ಮುಂದೆ ಕೈಕಟ್ಟಿ ಕೂತ ಮಧ್ಯಾಹ್ನ

ಹೋದ ವರ್ಷ ಸಂಕ್ರಾಂತಿ ಕಳೆದು ಎರಡನೇ ಭಾನುವಾರ. ನನಗೆ ಇಪ್ಪತ್ತಾರು ತುಂಬಿ ಎರಡು ತಿಂಗಳಾಗಿತ್ತು. ಮಾಗಡಿ ಕಡೆಯ ಒಂದು ಮನೆಯವರು ನನ್ನನ್ನು ನೋಡಲು ಬರುವವರಿದ್ದರು. ನಮ್ಮ ಮನೆಗಲ್ಲ, ರಾಮನಗರದ ಹೆದ್ದಾರಿ ಬದಿಯ ಒಂದು ಬಾರ್ ಅಂಡ್ ಫ್ಯಾಮಿಲಿ ರೆಸ್ಟೋರೆಂಟಿಗೆ.

ನಮ್ಮದು ಚನ್ನಪಟ್ಟಣ. ಅಪ್ಪನಿಗೆ ಅಲ್ಲಿ ಗೊಬ್ಬರ, ಬಿತ್ತನೆ ಬೀಜದ ಅಂಗಡಿಯಿದೆ. ನಾನು ಮೈಕ್ರೋಬಯಾಲಜಿಯಲ್ಲಿ ಎಂ.ಎಸ್ಸಿ. ಮುಗಿಸಿ ರಾಮನಗರದ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ರೇಷ್ಮೆ ಮೊಟ್ಟೆಗಳಲ್ಲಿ ಗಂಟುರೋಗ ಇದೆಯೇ ಇಲ್ಲವೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳುವುದು ನನ್ನ ಕೆಲಸ. ಮಾತು ಕಡಿಮೆ ಬೇಡುವ ಕೆಲಸವಾದ್ದರಿಂದ ನನಗೆ ಒಗ್ಗಿತ್ತು.

ಮದುವೆಯೇ ಬೇಡ ಎನ್ನುವವಳು ನಾನಲ್ಲ. ಹುಡುಗ ಅಭಿಲಾಷ್, ಬಿಡದಿಯ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್. ಫೋಟೊದಲ್ಲಿ ಸೌಮ್ಯವಾಗಿ ಕಂಡಿದ್ದರು. ಅವರನ್ನು ಒಂದೇ ಒಂದು ಪ್ರಶ್ನೆ ಕೇಳಬೇಕಿತ್ತು. ಮದುವೆಯಾದ ಮೇಲೆ ನಾವು ಇರುವುದು ಎಲ್ಲಿ? ಬಿಡದಿಯಲ್ಲಾದರೆ ನಾನು ರೈಲಿನಲ್ಲಿ ಲ್ಯಾಬಿಗೆ ಬಂದು ಹೋಗಬಹುದು. ಮಾಗಡಿಯಿಂದಾಚೆಯ ಅವರ ಹಳ್ಳಿಯಲ್ಲಾದರೆ ಕೆಲಸ ಬಿಟ್ಟ ಹಾಗೆಯೇ. ಈ ಮಾತನ್ನು ಅಪ್ಪ ಫೋನಿನಲ್ಲಿ ಎರಡು ಸಲ ಎತ್ತಿದ್ದರು. ಎರಡು ಸಲವೂ ಹುಡುಗನ ಸೋದರಮಾವ ನಂಜೇಗೌಡರು, "ಅದನ್ನೆಲ್ಲಾ ಆಮ್ಯಾಕೆ ನೋಡ್ಕಳನ ಬುಡಿ" ಎಂದಿದ್ದರು. ಆ ಮನೆಯಲ್ಲಿ ಹುಡುಗನ ತಂದೆ ಇಲ್ಲ. ಮಾತುಕತೆಯೆಲ್ಲ ಈ ಮಾವನದೇ.

ಹೋಟೆಲ್ ಗೊತ್ತುಮಾಡಿದ್ದೂ ಅವರೇ. "ಮನೆಗೆ ಬಂದ್ರೆ ಬೀದಿ ಎಲ್ಲಾ ಕಣ್ಣಾಯ್ತದೆ. ನಡೂಮಧ್ಯೆ ರಾಮನಗರದಲ್ಲಿ ಒಂದು ಒಳ್ಳೆ ಜಾಗ ಐತೆ, ಅಲ್ಲೇ ನೋಡ್ಬುಡನ" ಎಂದರು. ಅಪ್ಪನಿಗೂ ಸರಿಯೆನಿಸಿತು.

ನಮ್ಮ ಕಡೆ ಹೆಣ್ಣು ನೋಡುವ ದಿನ ಉಪ್ಪಿಟ್ಟು, ಕೇಸರಿಬಾತು, ಕಾಫಿ. ಅಷ್ಟೇ. ಊಟ ಹಾಕುವುದಿಲ್ಲ. ಎರಡೂ ಕಡೆಯವರು ಒಪ್ಪಿದ ಮೇಲೆಯೇ ಎಲೆ ಹಾಕುವುದು. ಜೊತೆಯಲ್ಲಿ ಕೂತು ಉಂಡರೆ ಸಂಬಂಧ ಗಟ್ಟಿಯಾಯಿತೆಂದೇ ಅರ್ಥ, ಆಮೇಲೆ ಹಿಂದೆ ಸರಿದರೆ ಮಾತಿಗೆ ತಪ್ಪಿದವರಾಗುತ್ತೇವೆ. ಹೊರಡುವಾಗ ಅಪ್ಪ ಇದನ್ನೇ ನೆನಪಿಸಿ, "ಕಾಫಿ ಕುಡ್ಕಂಡು ಎದ್ದು ಬಂದ್ಬುಡನ. ಊಟಗೀಟ ಬ್ಯಾಡ" ಎಂದಿದ್ದರು. ಸೀರೆ ಉಡುವ ಗಡಿಬಿಡಿಯಲ್ಲಿ ಬೆಳಿಗ್ಗೆ ನಾನು ತಿಂದಿದ್ದು ಅರ್ಧ ದೋಸೆ.

ಕೆಳಗಡೆ ಬಾರು, ಮೇಲೆ ಫ್ಯಾಮಿಲಿ. ಎರಡು ವರ್ಷದಿಂದ ಬಸ್ಸಿನ ಕಿಟಕಿಯಿಂದ ಆ ಬೋರ್ಡು ನೋಡುತ್ತಿದ್ದೆ, ಒಳಗೆ ಹೋದದ್ದು ಅಂದೇ. ಮಹಡಿಯ ಮೆಟ್ಟಿಲು ಹತ್ತಬೇಕಾದರೆ ಬಾರಿನ ಬಾಗಿಲ ಮುಂದೆಯೇ ಹಾದು ಹೋಗಬೇಕು. ಅಪ್ಪ ತಲೆ ತಗ್ಗಿಸಿ ಬಿರಬಿರನೆ ನಡೆದರು. ಆದರೂ ಒಳಗಿಂದ ಯಾರೋ ಗಿರಾಕಿ ಗುರುತು ಹಿಡಿದೇಬಿಟ್ಟರು.

"ಓಹೋ, ಗೊಬ್ಬರದಂಗಡಿ ಅಣ್ಣ! ಏನಣ್ಣ, ಅತ್ತಿಗೇನೂ ಕರ್ಕಂಡೇ ಬಂದ್ಬುಟ್ಟಿದ್ದೀಯ?"

"ಸುಮ್ಕಿರೋ, ಮ್ಯಾಲಕ್ಕೆ ಕಣೋ, ಮ್ಯಾಲಕ್ಕೆ" ಎಂದು ಅಪ್ಪ ಬೆರಳು ತೋರಿಸಿದರು. ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಅಲ್ಲಿಯವರೆಗೆ ಎಲ್ಲರೂ ಹಗುರವಾಗಿಯೇ ಇದ್ದೆವು.

ಮೇಲೆ ಎ.ಸಿ. ಹಾಕಿದ್ದ ಉದ್ದನೆಯ ಕೋಣೆ. ನಂಜೇಗೌಡರು, ಅವರ ತಂಗಿ ಅಂದರೆ ಹುಡುಗನ ತಾಯಿ ಜಯಮ್ಮ, ಅಭಿಲಾಷ್ ಮೂವರೂ ಆಗಲೇ ಬಂದು ಕೂತಿದ್ದರು. ಜಯಮ್ಮ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು, ಮಾತಾಡಲಿಲ್ಲ. ಅಭಿಲಾಷ್ "ಟ್ರಾಫಿಕ್ ಇತ್ತಾ?" ಎಂದರು. "ಇರಲಿಲ್ಲ" ಎಂದೆ. ಇಬ್ಬರೂ ಮೇಜಿನ ಮೇಲಿದ್ದ ಟಿಶ್ಯೂ ಡಬ್ಬಿ ನೋಡಿದೆವು. ನಂಜೇಗೌಡರು ಮಾತ್ರ ಮಳೆ, ಮಾವಿನ ಹೂವು, ಎಲೆಕ್ಷನ್ನು ಎಂದು ಬಿಡುವಿಲ್ಲದೆ ಮಾತಾಡುತ್ತಿದ್ದರು. ಸ್ವಲ್ಪ ಸಂದು ಸಿಕ್ಕಾಗ ನಾನು ಅಭಿಲಾಷ್ ಕಡೆ ತಿರುಗಿ, "ನಿಮ್ಮನ್ನ ಒಂದು ವಿಷಯ ಕೇಳಬೇಕಿತ್ತು" ಎಂದೆ.

"ಕೇಳೀರಂತೆ, ಕೇಳೀರಂತೆ. ಮೊದ್ಲು ಹೊಟ್ಟೆಗೆ ಬೀಳ್ಲಿ" ಎಂದು ನಂಜೇಗೌಡರು ಕೈ ಎತ್ತಿದರು. ಬಾಗಿಲಲ್ಲಿ ನಿಂತಿದ್ದ ಐವತ್ತರ ಆಸುಪಾಸಿನ ಸಪ್ಲಯರ್ ಒಬ್ಬರು ಬಾಳೆ ಎಲೆಯ ಸುರುಳಿ ಹಿಡಿದು ಒಳಗೆ ಬಂದರು. ಆರು ಎಲೆ. ಹಿಂದೆಯೇ ಮುದ್ದೆ, ನಾಟಿಕೋಳಿ ಸಾರು. ಎಲ್ಲವನ್ನೂ ಮೊದಲೇ ಹೇಳಿಟ್ಟಿದ್ದರು.

ಅಪ್ಪ ಅರ್ಧ ಎದ್ದರು. "ಗೌಡ್ರೇ, ಊಟ ಈಗ್ಲೇ ಯಾಕೆ? ಕಾಫಿ ಸಾಕಾಗಿತ್ತು."

"ಅಯ್ಯೋ ಕೂತ್ಕಳಿ ಬುದ್ಧಿ. ಇದು ಹೋಟ್ಲು. ಹೋಟ್ಲಲ್ಲಿ ಎಂಥ ಶಾಸ್ತ್ರ? ಬಂದೋರು ಉಣ್ತರೆ, ಹೋಯ್ತರೆ."

ಅಪ್ಪ ಅಮ್ಮನ ಮುಖ ನೋಡಿದರು. ಹೋಟೆಲಿಗೆ ಈ ನಿಯಮ ಅನ್ವಯಿಸುತ್ತದೋ ಇಲ್ಲವೋ ಎಂದು ಅವರಿಗೂ ಖಚಿತವಿರಲಿಲ್ಲ. ಇಂಥದ್ದು ನಮ್ಮ ಮನೆಯಲ್ಲಿ ಇದೇ ಮೊದಲು. ಕೂತರು. ಬಡಿಸಿಯಾಯಿತು. ಅಪ್ಪ ಮುದ್ದೆಯ ತುದಿ ಮುರಿದು ಸಾರಿಗೆ ಅದ್ದಿದರು. ಆಗ ನಂಜೇಗೌಡರು ತಮ್ಮ ಎಲೆಯ ಮುಂದೆ ನೆಟ್ಟಗೆ ಕೂತು, ನಗುತ್ತಾ ಹೇಳಿದರು:

"ಉಣ್ಣಿ ಉಣ್ಣಿ. ಒಟ್ಟಿಗೆ ಉಂಡ್ರೆ ಮಾತು ಮುಗೀತು ಅಂತ್ಲೇ. ಬರೋ ಶುಕ್ರವಾರ ಹೂ ಮುಡಿಸ್ಬುಡನ. ನಾನು ದಿನಾನೂ ನೋಡಿಸ್ಕಂಡೇ ಬಂದಿವ್ನಿ."

ಅಪ್ಪನ ಕೈ ಬಾಯಿಯ ಹತ್ತಿರ ನಿಂತಿತು.

ನನಗೆ ಹಸಿವಾಗಿತ್ತು. ಅದನ್ನು ಮುಚ್ಚಿಡುವುದಿಲ್ಲ. ಸಾರಿನ ಘಮ ಮೂಗಿಗೆ ಬಡಿಯುತ್ತಿತ್ತು. ಒಂದು ತುತ್ತು ತಿಂದರೆ ಏನಾಗುತ್ತದೆ ಎಂದು ಮನಸ್ಸಿನ ಒಂದು ಮೂಲೆ ಹೇಳಿತು ಕೂಡ. ಆದರೆ ನನ್ನ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿರಲಿಲ್ಲ. ನಾನು ಬಾಯಿಬಿಟ್ಟು ಹೇಳಬೇಕಾದ ಹೂಂ ಎಂಬ ಮಾತನ್ನು ನನ್ನ ಹೊಟ್ಟೆಯ ಕೈಯಲ್ಲಿ ಹೇಳಿಸುತ್ತಿದ್ದಾರೆ ಎನಿಸಿತು. ಎರಡು ಕೈಯನ್ನೂ ಮಡಿಲಲ್ಲಿ ಕಟ್ಟಿಕೊಂಡೆ. ಸಪ್ಲಯರ್ ಕಡೆ ತಿರುಗಿ, "ನನಗೆ ಊಟ ಬೇಡ. ಒಂದು ಕಾಫಿ ಕೊಡಿ" ಎಂದೆ.

ಅವರು ಮುಜುಗರದಿಂದ, "ಕಾಫಿ ಇಲ್ಲ ಕಣಮ್ಮ. ಇದು ಬಾರು. ಇಲ್ಲಿ ಕಾಫಿ ಒಂದು ಬುಟ್ಟು ಬಾಕಿ ಎಲ್ಲಾ ಸಿಕ್ತದೆ" ಎಂದರು.

ನಂಜೇಗೌಡರು ಗಟ್ಟಿಯಾಗಿ ನಕ್ಕರು. "ನೋಡವ್ವ, ದೇವ್ರೇ ಉಣ್ಣು ಅಂತವ್ನೆ."

"ನೀರು ಕೊಡಿ ಹಾಗಾದರೆ" ಎಂದೆ.

ನಗು ನಿಂತಿತು. ಅಮ್ಮ ಮೇಜಿನ ಕೆಳಗೆ ನನ್ನ ಮೊಣಕಾಲು ಹಿಂಡಿದರು. ನಂಜೇಗೌಡರು ಈಗ ನನ್ನನ್ನು ಬಿಟ್ಟು ಅಪ್ಪನ ಜೊತೆ ಮಾತಾಡತೊಡಗಿದರು.

"ಏನ್ ಬುದ್ಧಿ ಇದು? ಬಡಿಸಿದ ಅನ್ನಕ್ಕೆ ಅವಮಾನ ಮಾಡೋದನ್ನೇ ಓದ್ಸಿದ್ದೀರಾ?"

ಆ ಮಾತು ನನಗೆ ನಿಜವಾಗಿಯೂ ನಾಟಿತು. ಎಲೆಯಲ್ಲಿ ಒಂದು ಅಗುಳು ಬಿಟ್ಟರೂ ಬೈಯುವ ಮನೆಯಲ್ಲಿ ಬೆಳೆದವಳು ನಾನು. ನಿಧಾನವಾಗಿ ಹೇಳಿದೆ: "ಅನ್ನಕ್ಕೆ ಅವಮಾನ ಮಾಡ್ತಿಲ್ಲ ಮಾವ. ಉಂಡರೆ ಒಪ್ಪಿದ ಹಾಗೆ ಅಂತ ನೀವೇ ಹೇಳಿದ್ರಿ. ನಾನು ಇನ್ನೂ ಒಪ್ಪಿಲ್ಲ. ಬೇಡ ಅಂತಲೂ ಹೇಳಿಲ್ಲ. ಅದಕ್ಕೇ ಉಣ್ತಿಲ್ಲ."

"ಒಂದು ತುತ್ತು ತಿನ್ನು ಮಗ" ಎಂದು ಅಮ್ಮ ಪಿಸುಗುಟ್ಟಿದರು. ನಾನು ತಲೆಯಾಡಿಸಿದೆ.

ಈ ಸಂಬಂಧ ಅಪ್ಪನಿಗೆ ಬಹಳ ಇಷ್ಟವಾಗಿತ್ತು, ಅಂಗಡಿಗೆ ಬಂದವರಿಗೆಲ್ಲ ಹುಡುಗನ ವಿಷಯ ಹೇಳಿಕೊಂಡಿದ್ದರು. ಅವರು ಕೈಯಲ್ಲಿದ್ದ ತುತ್ತನ್ನು ಎಲೆಯ ಮೇಲೆ ಇಟ್ಟರು. "ಮಗಳು ಉಣ್ದೆ ನಾನ್ಹೆಂಗ್ ಉಣ್ಲಿ ಗೌಡ್ರೇ?" ಎಂದು ಹೇಳಿ ಕೈ ತೊಳೆಯಲು ಎದ್ದು ಹೋದರು. ಆಗ ನನ್ನ ಕಣ್ಣು ತುಂಬಿತು. ಅಲ್ಲಿಯವರೆಗೆ ತುಂಬಿರಲಿಲ್ಲ.

ಸಪ್ಲಯರ್ ನನ್ನ ಎಲೆಯತ್ತ ಬಗ್ಗಿ, ಯಾರಿಗೂ ಕೇಳದಂತೆ, "ಮುಟ್ಟಿಲ್ವಲ್ಲಮ್ಮ, ಇದು ಎಂಜ್ಲಲ್ಲ. ಅಡಿಗೆಯೋರು ಇನ್ನೂ ಉಂಡಿಲ್ಲ, ಅವ್ರಿಗೆ ಕೊಡ್ತೀನಿ. ಮನ್ಸಿಗೆ ಹಚ್ಕೋಬೇಡಿ" ಎಂದರು. ಎಲೆಯನ್ನು ದೊಡ್ಡ ತಟ್ಟೆಯ ಮೇಲೆ ಸರಿಸಿಕೊಂಡು ಎತ್ತಿದರು. ಬಾಗಿಲ ಬಳಿ ತಿರುಗಿ, "ಎದ್ರುಗಡೆ ಹೋಟ್ಲಿಂದ ಕಾಫಿ ತತ್ತೀನಿ. ಎಷ್ಟು?" ಎಂದರು.

"ಮೂರು" ಎಂದೆ.

"ನಂಗೂ ಒಂದು" ಎಂದರು ಜಯಮ್ಮ. ಅದು ಅವರ ಮೊದಲ ಮಾತು. ಅವರ ಅಣ್ಣ ತಿರುಗಿ ನೋಡಿದರು. ಜಯಮ್ಮ ತಮ್ಮ ಎಲೆಯನ್ನೂ ಮುಟ್ಟಿರಲಿಲ್ಲ ಎಂಬುದನ್ನು ನಾನು ಗಮನಿಸಿದ್ದು ಆಗಲೇ. ಅಭಿಲಾಷ್ ಮುದ್ದೆ ಮುರಿದು ಎರಡು ತುತ್ತು ತಿಂದಿದ್ದರು. ಈಗ ತಿನ್ನಬೇಕೋ ಬಿಡಬೇಕೋ ತಿಳಿಯದೆ ಕೈ ಒಣಗಿಸಿಕೊಂಡು ಕೂತಿದ್ದರು.

ಮುಖ ತೊಳೆಯಲು ಹೋದಾಗ ಜಯಮ್ಮ ನನ್ನ ಹಿಂದೆಯೇ ಬಂದರು. ಅವರು ಬೈಯುತ್ತಾರೆಂದುಕೊಂಡೆ. ನಲ್ಲಿ ತಿರುಗಿಸಿ, ನೀರು ಬೀಳುವ ಸದ್ದಿನಲ್ಲಿ ಹೇಳಿದರು:

"ನಂಗೆ ಆಗ ಹದಿನೆಂಟು. ಸೋದರತ್ತೆ ಮನೆಗೆ ಹಬ್ಬಕ್ಕೆ ಅಂತ ನಮ್ಮಣ್ಣನೇ ಕರ್ಕಂಡೋಗಿದ್ದ. ಪಾಯಸದೂಟ. ಚೆನ್ನಾಗೇ ಉಂಡ್ಬುಟ್ಟೆ. ಎದ್ದು ಕೈ ತೊಳೀತಿದ್ರೆ, ಇನ್ನು ನೀನು ಈ ಮನೆ ಸೊಸೆ ಅಂದ್ರು." ನಲ್ಲಿ ನಿಲ್ಲಿಸಿ, "ಅವ್ರು ಕೆಟ್ಟೋರಲ್ಲ ಕಣವ್ವ, ನಮ್ಮನೆಯೋರು. ಆದ್ರೆ ನನ್ನ ಯಾರೂ ಕೇಳ್ಲಿಲ್ಲ" ಎಂದರು. ಸೆರಗಿನಿಂದ ನನ್ನ ಗಲ್ಲ ಒರೆಸಿ, "ಹಸ್ಕಂಡು ಹೋಗ್ಬೇಡ. ದಾರೀಲಿ ಏನಾರ ಒಸಿ ಉಣ್ಣು" ಎಂದರು.

ಕಾಫಿ ಬಂತು. ಸ್ಟೀಲ್ ಫ್ಲಾಸ್ಕು, ಬಾರಿನ ಗಾಜಿನ ಲೋಟಗಳು. ಆ ಲೋಟ ನೋಡಿ ಅಪ್ಪನಿಗೂ ಸಣ್ಣ ನಗು ಬಂತು. ನಂಜೇಗೌಡರು ಒಬ್ಬರೇ ಊಟ ಮುಗಿಸಿ, ಸಿಗರೇಟಿಗೆಂದು ಕೆಳಗೆ ಇಳಿದರು. ಆಗ ನಾನು ಅಭಿಲಾಷ್ ಅವರನ್ನು ನೇರವಾಗಿ ಕೇಳಿದೆ. ಮದುವೆಯಾದರೆ ಇರುವುದೆಲ್ಲಿ? ನಾನು ಕೆಲಸಕ್ಕೆ ಹೋಗಬಹುದೇ?

ಅವರು ಪ್ರಾಮಾಣಿಕವಾಗಿಯೇ ಯೋಚಿಸಿದರು. "ನಂಗೇನೂ ತೊಂದ್ರೆ ಇಲ್ಲ. ಬಿಡದೀಲೇ ಮನೆ ಮಾಡ್ಬೋದು. ಆದ್ರೆ ಮಾವನ್ನ ಒಂದ್ಮಾತು ಕೇಳ್ಬೇಕು."

"ಅವರು ಬೇಡ ಅಂದರೆ?"

ಅಭಿಲಾಷ್ ನೀರಿನ ಲೋಟ ತಿರುಗಿಸುತ್ತಾ ಕೂತರು. ಆ ಪ್ರಶ್ನೆಯನ್ನು ಅವರಿಗೆ ಇದುವರೆಗೆ ಯಾರೂ ಹಾಕಿರಲಿಲ್ಲವೆಂದು ಕಾಣುತ್ತದೆ. ಉತ್ತರಕ್ಕಾಗಿ ಕಾದೆ. ಕಾಫಿ ಮುಗಿಯಿತು.

"ನಾಕು ದಿನದಲ್ಲಿ ನಾನೇ ಫೋನ್ ಮಾಡಿ ಹೇಳ್ತೀನಿ" ಎಂದು ಅವರ ನಂಬರು ಬರೆದುಕೊಂಡೆ. ಮೆಟ್ಟಿಲ ಬುಡದಲ್ಲಿ ನಂಜೇಗೌಡರು ಅಪ್ಪನ ನಮಸ್ಕಾರಕ್ಕೆ ಮುಖ ತಿರುಗಿಸಿದರು. "ತಲೆ ಬಾಳ ದಪ್ಪ ಐತೆ ನಿಮ್ಮ ಹುಡ್ಗಿದು" ಎಂದರು. ಅಪ್ಪ, "ಹೌದು ಗೌಡ್ರೇ, ನಮ್ಮವ್ವನ ಹಂಗೆ" ಎಂದು ಕಾರಿನ ಬಾಗಿಲು ತೆಗೆದರು.

ಚನ್ನಪಟ್ಟಣ ಇನ್ನೇನು ಬರಬೇಕು ಎನ್ನುವಾಗ ಒಂದು ಸಣ್ಣ ಮುದ್ದೆ ಹೋಟೆಲಿನ ಮುಂದೆ ಅಪ್ಪ ಕಾರು ನಿಲ್ಲಿಸಿದರು. ಮೂರೂವರೆಯಾಗಿತ್ತು. ಮುದ್ದೆ ತಣ್ಣಗಾಗಿತ್ತು, ಉಳಿದಿದ್ದು ಸೊಪ್ಪಿನ ಸಾರು ಮಾತ್ರ. "ಉಣ್ಣು, ಇಲ್ಲಿ ಯಾರ ಹಂಗೂ ಇಲ್ಲ" ಎಂದರು ಅಪ್ಪ. ಅಮ್ಮ ಇನ್ನೂ ಸಿಟ್ಟಿನಲ್ಲಿದ್ದರು. ಆದರೂ ತಮ್ಮ ತಟ್ಟೆಯ ಹಪ್ಪಳವನ್ನು ನನ್ನ ತಟ್ಟೆಗೆ ಹಾಕಿದರು. ಮೂವರೂ ಎರಡೆರಡು ಮುದ್ದೆ ಉಂಡೆವು.

ನಾಲ್ಕು ದಿನ ಯೋಚಿಸಿದೆ. ಅಭಿಲಾಷ್ ಕೆಟ್ಟವರಲ್ಲ. ಆದರೆ ಅವರ ಮೌನವೇ ನನಗೆ ಉತ್ತರವಾಗಿತ್ತು. ಗುರುವಾರ ಲ್ಯಾಬಿನ ಹಿಂದಿನ ಮೆಟ್ಟಿಲ ಮೇಲೆ ಕೂತು ಫೋನ್ ಮಾಡಿದೆ. ಬೇಡವೆಂದೂ, ಯಾಕೆಂದೂ ಎರಡು ವಾಕ್ಯದಲ್ಲಿ ಹೇಳಿದೆ. ಅವರು ವಾದ ಮಾಡಲಿಲ್ಲ. "ನೀವೇ ಹೇಳಿದ್ದು ಒಳ್ಳೇದಾಯ್ತು" ಎಂದರು.

ನಮ್ಮ ಬೀದಿಯಲ್ಲಿ ಮಾತು ಹಬ್ಬಿತು. ಬಡಿಸಿದ ಎಲೆ ಬಿಟ್ಟೆದ್ದ ಹುಡುಗಿ ಎಂಬ ಹೆಸರು ಈಗಲೂ ನನಗಿದೆ. ಅಮ್ಮನಿಗೆ ಅದರಿಂದ ನೋವಾಗಿದೆ, ನನಗದು ಗೊತ್ತು. ಆದರೂ ಆ ಮಧ್ಯಾಹ್ನ ಮತ್ತೆ ಬಂದರೆ ನಾನು ಹಾಗೆಯೇ ಕೈಕಟ್ಟಿ ಕೂರುತ್ತೇನೆ. ಒಪ್ಪಿಗೆಯನ್ನು ನನ್ನ ಬಾಯಿಂದ ಕೇಳಿ ಪಡೆಯಬೇಕು, ಬಡಿಸಿ ಪಡೆಯಬಾರದು ಎಂಬುದಷ್ಟೇ ಅಂದು ನನಗೆ ತಿಳಿದದ್ದು.

ಅಂದು ಫೋನ್ ಇಡುವ ಮುಂಚೆ ಅಭಿಲಾಷ್ ತಡೆದು ಹೇಳಿದ್ದರು. "ಒಂದ್ನಿಮ್ಷ. ಅಮ್ಮ ನಾಕು ದಿನದಿಂದ ಕೇಳ್ತಾನೇ ಅವ್ರೆ. ಆ ಹುಡ್ಗಿ ಅವತ್ತು ಆಮೇಲೆ ಊಟ ಮಾಡಿದ್ಲಾ ಅಂತ."

"ಮಾಡಿದೆ ಅಂತ ಹೇಳಿ" ಎಂದೆ. "ಹೊಟ್ಟೆ ತುಂಬಾ."