ಹಿಂದೆ ನಿಂತಿದ್ದವರು

ಅವರ ಉಗುರಿನ ಸಂದುಗಳಲ್ಲಿ ಯಾವಾಗಲೂ ಬಣ್ಣ ಇರುತ್ತಿತ್ತು. ಪೋಸ್ಟರ್ ಬರೆಯುವ ನೀಲಿ ಬಣ್ಣ. ಎರಡೂ ಮಣಿಕಟ್ಟುಗಳಿಗೆ ಬಿಳಿ ಪಟ್ಟಿ ಸುತ್ತಿಕೊಂಡಿರುತ್ತಿದ್ದರು. ಆ ಪಟ್ಟಿಯ ಅಂಚಿಗೂ ನೀಲಿ. ಗಿಡ್ಡ ಆಳು, ಅಗಲ ಭುಜ, ಅರವತ್ತರ ಆಸುಪಾಸಿನ ವಯಸ್ಸು. ಕಣ್ಣಿನ ಬಣ್ಣ ಯಾವುದೆಂದು ಕೇಳಿದರೆ ಹೇಳಲಾರೆ. ಕೈಗಳ ವಿಷಯದಲ್ಲಿ ಮಾತ್ರ ನನಗೆ ಖಾತ್ರಿಯಿದೆ ಎಂದು ಬರೆದು, ಒಮ್ಮೆ ಹೊಡೆದುಹಾಕಿ, ಮತ್ತೆ ಬರೆದಿದ್ದೇನೆ.

ಮಗಳು ಅವರನ್ನು ಕೋಚ್ ಎನ್ನುತ್ತಿದ್ದಳು. ನಾವೂ ಹಾಗೆಯೇ ಕರೆದೆವು. ಅಮೆರಿಕದ ಸಮಾಮಿಶ್‌ನ ಒಂದು ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸುತ್ತಿದ್ದರು. ಅದರ ಜೊತೆಗೆ ಎರಡು ಹೊಣೆ. ಒಂದು ವಿದ್ಯಾರ್ಥಿ ಸಂಘ. ಇನ್ನೊಂದು ಚಿಯರ್ ತಂಡ: ಅಂಕಣದ ಪಕ್ಕ ನಿಂತು ಕೂಗುತ್ತ, ಕುಣಿಯುತ್ತ, ಒಬ್ಬಳನ್ನು ಮೂವರು ಸೇರಿ ತಲೆಯ ಮೇಲೆತ್ತಿ ನಿಲ್ಲಿಸುವ ಹುಡುಗಿಯರು. ಕೋಚ್ ಕೋಣೆಯಲ್ಲಿ ಸಂಘದ ಮತಪೆಟ್ಟಿಗೆಯ ಮೇಲೆಯೇ ತಂಡದ ಬಣ್ಣದ ಕುಚ್ಚುಗಳ ರಾಶಿ ಬಿದ್ದಿರುತ್ತಿತ್ತು. ನನಗೆ ಮೊದಲನೆಯದರ ಬಗ್ಗೆ ಗೌರವ, ಎರಡನೆಯದರ ಬಗ್ಗೆ ತಾತ್ಸಾರ. ಹುಡುಗರು ಆಡುವುದು, ಹುಡುಗಿಯರು ಜೈ ಅನ್ನುವುದು, ಇದಕ್ಕೊಂದು ಶಾಲೆ ಬೇಕೆ?

ಒಂಬತ್ತನೇ ತರಗತಿಗೆ ಸೇರಿದ ಸೆಪ್ಟೆಂಬರಿನಲ್ಲೇ ಮಗಳು ತರಗತಿಯ ಪ್ರತಿನಿಧಿಯಾಗಲು ನಿಂತು ಸೋತಳು. ಅವಳ ಭಾಷಣವನ್ನು ತಿದ್ದಿದವನು ನಾನು. ಪ್ರತಿ ಭರವಸೆಯ ಹಿಂದೆಯೂ ಒಂದು ‘ಸಾಧ್ಯವಾದರೆ’ ಸೇರಿಸಿದ್ದೆ. ಕೋಚ್‌ಗೆ ಒಂದು ಪದ್ಧತಿಯಿತ್ತು: ಫಲಿತಾಂಶವನ್ನು ಗೋಡೆಗೆ ಅಂಟಿಸುವ ಮೊದಲು ಸೋತವರಿಗೆಲ್ಲ ತಾವೇ ಫೋನ್ ಮಾಡುತ್ತಿದ್ದರು. ಗೆದ್ದವರಿಗೆ ಮಾಡುತ್ತಿರಲಿಲ್ಲ. ನಮ್ಮ ಅಡುಗೆಮನೆಯಲ್ಲಿ, ಸ್ಪೀಕರಿನಲ್ಲಿ ಅವರ ಒಡಕು ಗಂಟಲು ಕೇಳಿಸಿತು.

“ನೀನು ಸೋತೆ. ನಾಳೆ ಎಲ್ಲರ ಮಧ್ಯೆ ನಿಂತು ಓದೋದು ಬೇಡ ಅಂತ ಈಗಲೇ ಹೇಳ್ತಿದೀನಿ. ಅಳಬೇಕು ಅನಿಸಿದ್ರೆ ಅತ್ತು ಮುಗಿಸು. ನಾಳೆ ಮೂರು ಗಂಟೆಗೆ ಜಿಮ್‌ಗೆ ಬಾ. ನಿನ್ನ ಗಂಟಲು ನನಗೆ ಬೇಕು.”

ಅವರು ಹೇಳಿದ್ದು ಇಂಗ್ಲಿಷಿನಲ್ಲಿ. ನನ್ನ ನೆನಪಿನಲ್ಲಿ ಅವರು ಕನ್ನಡದಲ್ಲಿಯೇ ಮಾತಾಡುತ್ತಾರೆ. ಈ ನೆನಪನ್ನು ಎಷ್ಟು ನಂಬಬಹುದು ಎಂಬುದಕ್ಕೆ ಅಷ್ಟೇ ಸಾಕು.

ನನ್ನ ಹೆಂಡತಿ ಹುಬ್ಬಳ್ಳಿಯವಳು. ಫೋನ್ ಇಟ್ಟ ಮೇಲೆ, “ನಮ್ಮ ಹುಡುಗಿಗೆ ಗಂಟಲು ಐತಿ ಅಂತ ಹದಿನಾಲ್ಕು ವರ್ಷ ನಮಗ ಗೊತ್ತಾಗಲಿಲ್ಲ ನೋಡ್ರಿ” ಎಂದು ನಕ್ಕಳು. ನಿಜವೇ. ಮನೆಗೆ ಯಾರಾದರೂ ಬಂದರೆ ಕೋಣೆ ಸೇರುತ್ತಿದ್ದ ಮಗಳು ಅಕ್ಟೋಬರಿನ ಹೊತ್ತಿಗೆ ಮಳೆಯಲ್ಲಿ ನೆನೆಯುತ್ತ, ಸೋಲುತ್ತಿರುವ ಫುಟ್‌ಬಾಲ್ ತಂಡಕ್ಕಾಗಿ ಇಡೀ ಮೈದಾನಕ್ಕೆ ಕೇಳುವಂತೆ ಕೂಗುತ್ತಿದ್ದಳು. “ಸ್ಕೋರ್ ಬೋರ್ಡ್ ಕಡೆ ನೋಡಬೇಡಿ, ನೆನೀತಾ ಕೂತಿರೋ ಜನರನ್ನ ನೋಡಿ” ಎಂದು ಕೋಚ್ ಹಿಂದಿನಿಂದ ಗದರುತ್ತಿದ್ದರು.

ಕಾರಿಲ್ಲದೆ ಎಲ್ಲಿಗೂ ಹೋಗಲಾಗದ ಊರು ನಮ್ಮದು. ಮಗಳನ್ನು ಬಿಡಲು, ಕರೆತರಲು ನಾನು ಹೋಗಲೇಬೇಕಿತ್ತು. ಮೊದಲ ದಿನ ಜಿಮ್‌ನ ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದೆ.

“ತಪಾಸಣೆಗೆ ಬಂದೋರ ಥರ ನಿಂತಿದೀರಿ. ತಗೊಳ್ಳಿ, ಟೇಪ್ ಕತ್ತರಿಸಿ” ಎಂದರು ಕೋಚ್.

ಅಂದಿನಿಂದ ಹುಡುಗಿಯರ ಮಣಿಕಟ್ಟಿಗೆ ಸುತ್ತುವ ಪಟ್ಟಿ ಕತ್ತರಿಸುವುದು ನನ್ನ ಕೆಲಸವಾಯಿತು. ಒಂದು ಸಂಜೆ ಮಳೆಗೆ ಸಂಘದ ಪೋಸ್ಟರುಗಳೆಲ್ಲ ಕರಗಿ ಗೋಡೆಯ ಮೇಲೆ ಇಳಿದಾಗ, ಅವರು ಯಾರನ್ನೂ ಬೈಯದೆ ಹೊಸ ಕಾಗದದ ಸುರುಳಿ ಬಿಚ್ಚಿ ನೆಲದ ಮೇಲೆ ಮಂಡಿಯೂರಿದ್ದನ್ನು ಕಂಡೆ. ಎತ್ತುವ ಹುಡುಗಿಯರಿಗೆ ಅವರು ದಿನವೂ ಹೇಳುತ್ತಿದ್ದ ಮಾತೊಂದಿತ್ತು. ಮಗಳೂ ಎತ್ತುವವಳೇ. “ಅವಳು ಬೀಳ್ತಾಳೋ ಇಲ್ವೋ ಅಂತ ಯೋಚಿಸ್ತಾ ನಿಲ್ಲಬೇಡಿ. ಕೈ ಮೊದಲು. ಖಾತ್ರಿ ಆಮೇಲೆ.”

ಫೆಬ್ರವರಿಯಲ್ಲಿ ಅದು ನಡೆಯಿತು. ಕೋಚ್ ಸಂಘದ ಮಕ್ಕಳೊಂದಿಗೆ ಜಿಮ್‌ನ ಗೋಡೆಯ ಬಳಿ ಪೋಸ್ಟರ್ ಬರೆಯುತ್ತಿದ್ದರು. ಹುಡುಗಿಯರು ಎತ್ತಲು ಸಿದ್ಧರಾದಾಗ ಕೈ ಒರೆಸಿಕೊಳ್ಳದೆ ಓಡಿಬಂದರು. ಎತ್ತುವಾಗ ಹಿಂದೆ ಒಬ್ಬ ಹಿರಿಯರು ನಿಲ್ಲಲೇಬೇಕು, ಅದು ನಿಯಮ. ಮೇಲೆ ನಿಂತಿದ್ದವಳು ಮೈಸೂರಿನ ನನ್ನ ಗೆಳೆಯನ ಮಗಳು. ಮಕ್ಕಳನ್ನು ಕರೆತರುವ ಸರದಿಯನ್ನು ನಾವಿಬ್ಬರೂ ಹಂಚಿಕೊಂಡಿದ್ದೆವು. ಅವಳ ಕಾಲು ಜಾರಿತು. ಹಿಂದಕ್ಕೆ ಬಿದ್ದಳು. ಕೋಚ್ ಎರಡೂ ಕೈ ಚಾಚಿ ಅವಳ ಬೆನ್ನಿಗೆ ಕೊಟ್ಟು, ತಾವೂ ಕೆಳಗೆ ಬಿದ್ದರು. ಹುಡುಗಿಯ ತಲೆ ಉಳಿಯಿತು, ಮೊಣಕೈ ಮುರಿಯಿತು. ಅವಳನ್ನು ಎಬ್ಬಿಸಿ ಕೂರಿಸಿದಾಗ ಬಿಳಿ ಅಂಗಿಯ ಬೆನ್ನಿನ ಮೇಲೆ ಬೆರಳುಗಳ ಗುರುತಿತ್ತು. ನೀಲಿ.

ಗೆಳೆಯ ಶಾಲೆಗೆ ದೂರು ಬರೆದ: ತನ್ನ ಮಗಳು ಬೀಳುವಾಗ ಕೋಚ್ ಗೋಡೆಯ ಬಳಿ ಇದ್ದರಂತೆ, ಹಿಂದೆ ಯಾರೂ ಇರಲಿಲ್ಲವಂತೆ ಎಂದು. ಬಿದ್ದವಳಿಗೆ ಏನೂ ನೆನಪಿರಲಿಲ್ಲ. ಪೋಸ್ಟರ್ ಬರೆಯುತ್ತಿದ್ದ ಮಕ್ಕಳು ತಲೆಯೆತ್ತಿ ನೋಡಿರಲಿಲ್ಲ. ನನ್ನ ಮಗಳೂ ಸೇರಿ ಎತ್ತಿದ ಮೂವರ ಮಾತನ್ನೂ ಶಾಲೆ ಕೇಳಿತು, ಆದರೆ ಅವರು ಕೋಚ್‌ನ ಹುಡುಗಿಯರು. ಅಲ್ಲಿದ್ದ ಹೊರಗಿನ ಹಿರಿಯ ನಾನೊಬ್ಬನೇ. ಕಂಡದ್ದನ್ನು ಬರೆದು ಕೊಡಿ ಎಂದರು.

ಆ ವಾರ ಗೆಳೆಯ ಫೋನ್ ಮಾಡಿದ. “ಸುಳ್ಳು ಬರೀರಿ ಅಂತ ಕೇಳ್ತಿಲ್ಲ ಸರ್. ಹಂಡ್ರೆಡ್ ಪರ್ಸೆಂಟ್ ಶೂರ್ ಇರೋದನ್ನ ಮಾತ್ರ ಬರೀರಿ. ರಿಸರ್ಚ್ ಮಾಡ್ದೋರು ನೀವು, ನಿಮಗೆ ನಾನು ಹೇಳ್ಬೇಕಾ?” ಫೋನ್ ಇಡುವ ಮೊದಲು, “ಮಗು ಕೈಗೆ ರಾಡ್ ಹಾಕಿದಾರೆ ಸರ್” ಎಂದ. ಅವನು ಕೆಟ್ಟವನಲ್ಲ. ನನ್ನ ದೌರ್ಬಲ್ಯ ಅವನಿಗೆ ಗೊತ್ತಿತ್ತು, ಅಷ್ಟೆ.

ನಾಲ್ಕು ದಿನ ಬರೆದೆ, ಅಳಿಸಿದೆ. ಬಣ್ಣ ಅದಕ್ಕೂ ಮೊದಲೇ ಅಂಗಿಗೆ ಅಂಟಿರಬಹುದಲ್ಲವೆ? ಬಿದ್ದ ಮೇಲೆ ಎಬ್ಬಿಸುವಾಗ ಮೆತ್ತಿರಬಹುದಲ್ಲವೆ? ಆ ಗಳಿಗೆ ನಾನು ಕತ್ತರಿಯ ಕಡೆ ನೋಡುತ್ತಿದ್ದೆನೇನೋ.

“ಕಣ್ಣಾರೆ ನೋಡೀರಿ. ಬರೀಲಿಕ್ಕೆ ಏನ್ ಧಾಡಿ ನಿಮಗ?” ಎಂದಳು ಹೆಂಡತಿ.

“ನೋಡಿದ್ದೇ ಬೇರೆ, ನೋಡ್ದೆ ಅಂತ ಅನ್ಕೊಳ್ಳೋದೇ ಬೇರೆ.”

“ನಮ್ಮ ಲಗ್ನ ಆಗೇತೋ ಇಲ್ಲೋ ಅನ್ನೋದರಾಗೂ ಡೌಟ್ ಐತೇನ್ರಿ? ಫೋಟೋ ತೋರಿಸ್ಲೇನು?”

ಮಗಳು ನಗಲಿಲ್ಲ. “ಅಪ್ಪಾ, ಯು ಸಾ ಇಟ್” ಎಂದಳು. ಅಷ್ಟೇ.

ಕೊನೆಗೆ ನಾನು ಬರೆದುಕೊಟ್ಟ ವಾಕ್ಯ ಇದು: ‘ಅವರು ಹುಡುಗಿಯ ಹಿಂದೆ ಇದ್ದಂತೆ ನನಗೆ ಕಂಡಿತು, ಆದರೆ ಖಚಿತವಾಗಿ ಹೇಳಲಾರೆ.’ ಬೆನ್ನಿನ ಮೇಲಿನ ಗುರುತಿನ ಮಾತನ್ನೇ ಎತ್ತಲಿಲ್ಲ. ಆಗ ಅದನ್ನು ಪ್ರಾಮಾಣಿಕತೆ ಎಂದುಕೊಂಡೆ. ಗೆಳೆಯನ ಮನೆಯ ಯುಗಾದಿ ಊಟ ತಪ್ಪದಿರಲಿ ಎಂಬ ಆಸೆಯೂ ಅದರಲ್ಲಿ ಇದ್ದಿರಬೇಕು. ಎಷ್ಟಿತ್ತು ಎಂದು ಈಗ ತೂಗಲಾರೆ.

ಮಾರ್ಚಿನಲ್ಲಿ ಶಾಲೆ ಎರಡೂ ಹೊಣೆಗಳನ್ನು ಅವರಿಂದ ಕಿತ್ತುಕೊಂಡಿತು. ಅವರು ಹಿಂದೆ ಇರಲಿಲ್ಲ ಎಂದಲ್ಲ. ಇದ್ದರು ಎನ್ನಲು ಆಧಾರ ಸಾಲದು ಎಂದು. ಮೇ ತಿಂಗಳಲ್ಲಿ ಮುಂದಿನ ವರ್ಷದ ಸಂಘಕ್ಕೆ ಚುನಾವಣೆ ನಡೆಯಿತು. ಸೋತವರಿಗೆ ಯಾರೂ ಫೋನ್ ಮಾಡಲಿಲ್ಲ. ಹೆಸರುಗಳ ಪಟ್ಟಿ ಇಮೇಲಿನಲ್ಲಿ ಬಂತು. ಅದರಲ್ಲಿ ಮಗಳ ಹೆಸರಿರಲಿಲ್ಲ. ಅವಳು ನಿಂತೇ ಇರಲಿಲ್ಲ. ಚಿಯರ್ ತಂಡವನ್ನೂ ಬಿಟ್ಟಿದ್ದಳು. ಮನೆಯಲ್ಲಿ ಮತ್ತೆ ಕೋಣೆಯ ಬಾಗಿಲು ಮುಚ್ಚಿರತೊಡಗಿತು.

ಜೂನಿನಲ್ಲಿ ಕೋಚ್ ಕೆಲಸ ಬಿಟ್ಟರು. ಆಮೇಲೆ ಒಮ್ಮೆ ಪಕ್ಕದೂರು ಇಸ್ಸಾಕ್ವಾದ ಅಂಗಡಿಯೊಂದರಲ್ಲಿ ಎದುರಾದರು. ಈರುಳ್ಳಿ ಆರಿಸುತ್ತಿದ್ದರು. ನನ್ನ ಹೇಳಿಕೆಯನ್ನು ಅವರು ಓದಿದ್ದರೋ ಇಲ್ಲವೋ ತಿಳಿಯದು. “ನಿಮ್ಮಷ್ಟು ನೇರವಾಗಿ ಟೇಪ್ ಕತ್ತರಿಸೋರು ಆಮೇಲೆ ಸಿಗಲಿಲ್ಲ” ಎಂದು ನಕ್ಕರು. ಮಗಳು ಇನ್ನೂ ಕೂಗುತ್ತಾಳಾ ಎಂದು ಕೇಳಿದರು. ಹೌದು ಎಂದೆ. ಸಂದೇಹವೇ ಇಲ್ಲದೆ ಹೇಳಿದ್ದು ಅದೊಂದೇ ಮಾತು, ಅದೂ ಸುಳ್ಳು. ಅವರ ಉಗುರುಗಳು ಸ್ವಚ್ಛವಾಗಿದ್ದವು.

ಅಕ್ಟೋಬರಿನಲ್ಲಿ ತೀರಿಕೊಂಡರು. ಹೃದಯ ನಿಂತಿತಂತೆ. ಒಂದಕ್ಕೊಂದು ಸಂಬಂಧವಿದೆ ಎಂದು ನಾನು ಹೇಳುವುದಿಲ್ಲ. ಇಲ್ಲ ಎಂದು ಹೇಳುವ ಧೈರ್ಯವೂ ಇಲ್ಲ. ಚರ್ಚಿನ ಹಿಂದಿನ ಸಭಾಂಗಣದಲ್ಲಿ ಸೇರಿದೆವು. ಶಾಲೆಯ ಕಡೆಯಿಂದ ಹೂವು ಬಂದಿತ್ತು. ಯಾವ್ಯಾವುದೋ ವರ್ಷದಲ್ಲಿ ಸೋತವರು, ಈಗ ನಡುವಯಸ್ಸಿನವರು, ಒಬ್ಬೊಬ್ಬರಾಗಿ ಎದ್ದು ತಮಗೆ ಬಂದ ಫೋನಿನ ಬಗ್ಗೆ ಹೇಳಿದರು. ಮೊಣಕೈಯಲ್ಲಿ ಗಾಯದ ಗೆರೆಯಿದ್ದ ಹುಡುಗಿಯೂ ಒಬ್ಬಳೇ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದಳು. ನಾನು ಏಳಲಿಲ್ಲ.

ಹಿಂದಿರುಗುವಾಗ ಕಾರಿನಲ್ಲಿ ಮಗಳನ್ನು ಕೇಳಿದೆ: “ಆ ದಿನ ಅಂಗಿ ಮೇಲಿದ್ದದ್ದು ನೀಲಿ ಅಲ್ವಾ?”

“ಗ್ರೀನ್, ಅಪ್ಪಾ.”

ಅವಳು ಕಿಟಕಿಯ ಕಡೆ ತಿರುಗಿದಳು. ಮತ್ತೆ, ಎಷ್ಟೋ ತಿಂಗಳ ಮೇಲೆ, ಕನ್ನಡದಲ್ಲಿ ಹೇಳಿದಳು: “ಯಾವ ಕಲರ್ ಆದ್ರೇನು? ಕೈ ಇತ್ತಲ್ಲ.”

ಮೊದಲ ಸಾಲುಗಳಲ್ಲಿ ನೀಲಿ ಎಂದು ಬರೆದಿದ್ದೇನೆ, ತಿದ್ದಿಲ್ಲ. ಹಸಿರೇ ಇರಬಹುದು. ಕೇಳಬೇಕಾದವರು ಕೇಳಿ ಮುಗಿಸಿದ್ದಾರೆ, ಇನ್ನು ಯಾರಿಗೂ ನನ್ನ ಹೇಳಿಕೆ ಬೇಕಿಲ್ಲ. ಆದರೂ ಬರೆಯುತ್ತೇನೆ. ಕೋಚ್ ಹಿಂದೆ ನಿಂತಿದ್ದರು. ಎರಡೂ ಕೈ ಚಾಚಿದ್ದರು. ನಾನು ನೋಡಿದೆ.