ಅಜ್ಜಿಗಿಂತ ಮೊದಲು ಒಂದು ತುತ್ತು

ನೀಲಿ ಅಂಚಿನ ಒಂದು ಪಿಂಗಾಣಿ ಬಟ್ಟಲು. ಹೋದ ತಿಂಗಳು ಗೆಳತಿಯ ಜೊತೆ ನೋಡಿದ ಸಿನಿಮಾದಲ್ಲಿ ಅದು ತೆರೆಯ ತುಂಬ ಬಂತು. ಸಣ್ಣ ಊರಿನ ಒಂದು ಮನೆ, ಹಾಸಿಗೆ ಹಿಡಿದ ಅತ್ತೆ, ಉಳಿದವರೆಲ್ಲ ಹೋದ ಮೇಲೂ ಹೋಗದ ಸೊಸೆ. ಆ ಬಟ್ಟಲಿನಿಂದ ಅವಳು ಅತ್ತೆಯ ಬಾಯಿಗೆ ಗಂಜಿ ಇಟ್ಟಾಗ ನನ್ನ ಸುತ್ತ ಮೂಗೊರೆಸುವ ಸದ್ದು. ನಾನು ಮಾತ್ರ ಅತ್ತೆಯ ಬಾಯನ್ನೇ ನೋಡುತ್ತಿದ್ದೆ. ಆ ಅತ್ತೆ ಯಾರ ಮುಖವನ್ನೂ ನೋಡದೆ ಬಾಯಿ ತೆರೆದಿದ್ದಳು. ಹಾಗೆಲ್ಲ ತೆರೆಯುತ್ತಾರಾ? ಇಂಟರ್‌ವಲ್‌ವರೆಗೂ ಕೂತಿರಲಾಗದೆ ಎದ್ದು ಬಂದೆ.

ನಾನು ಎಂ.ಎ. ಓದುತ್ತಿದ್ದಾಗ ಶಿವಾಜಿನಗರದ ಒಂದು ಗಲ್ಲಿಯಲ್ಲಿ ಬಾಡಿಗೆಗಿದ್ದೆವು. ನಮ್ಮ ತಲೆಯ ಮೇಲಿನ ಮನೆಯಲ್ಲಿ ಇದ್ದ ಹೆಂಗಸನ್ನು ಗಲ್ಲಿಯೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿತ್ತು, ನಾನೂ ಹಾಗೇ ಕರೆಯುತ್ತಿದ್ದೆ. ಅವರ ಗಂಡ ಬೇರೆ ಊರಲ್ಲಿ ಇನ್ನೊಂದು ಮದುವೆಯಾಗಿ ಅಲ್ಲೇ ಉಳಿದಿದ್ದ. ಖಾಲಾ ಅಮ್ಮಿ ಎಂದು ಕರೆಯುತ್ತಿದ್ದ ಅವನ ತಾಯಿ ಮಾತ್ರ ಜೊತೆಗಿದ್ದರು. ಕೆ.ಆರ್. ಪುರದಿಂದ ಅಣ್ಣ ಬಂದು ಕರೆದಾಗ ಖಾಲಾ ಹೋಗಲಿಲ್ಲವಂತೆ. ಯಾಕೆ ಅಂತ ಅಮ್ಮ ಕೇಳಿದ್ದಕ್ಕೆ, ಬ್ಲೌಸಿಗೆ ಹುಕ್ ಹೊಲಿಯುತ್ತಲೇ, "ಅವ್ರು ಬಿಟ್ಟೋಗಿದ್ದು ನನ್ನನ್ನ. ಅಮ್ಮಿ ಏನ್ ಮಾಡಿದ್ರು?" ಅಂದಿದ್ದರು.

ಆ ಅಜ್ಜಿಗೆ ಮರೆವು ಹತ್ತಿತ್ತು. ಮೊದಲು ಓಣಿ ಮರೆತರು, ಆಮೇಲೆ ಮಗನ ಮುಖ. ಕೊನೆಗೆ, ಸೊಸೆ ಅನ್ನಕ್ಕೆ ಜಹರ್ ಹಾಕುತ್ತಾಳೆ, ವಿಷ ಹಾಕುತ್ತಾಳೆ ಎನ್ನತೊಡಗಿದರು. ಬಾಯಿ ಬಿಗಿದುಕೊಂಡು ಎರಡು ದಿನ ಉಪವಾಸ ಕೂತರು. ಖಾಲಾ ತಾವೇ ಮೊದಲು ತಿಂದು ತೋರಿಸಿದರೆ, "ನೀನು ಅದ್ಕೆ ಮದ್ದು ಮೊದ್ಲೇ ಕುಡ್ಕೊಂಡು ಬಂದಿರ್ತೀಯ" ಅನ್ನುತ್ತಿದ್ದರು. ಹಾಗಾಗಿ ಮೂರನೆಯವರೊಬ್ಬರು ಬೇಕಾಯಿತು. ಲೈಬ್ರರಿಯಿಂದ ಮಧ್ಯಾಹ್ನ ಮನೆಗೆ ಬರುತ್ತಿದ್ದವಳು ನಾನು.

ಹೀಗೆ ಶುರುವಾಯಿತು ನನ್ನ ಕೆಲಸ. ಬಟ್ಟಲಿನಿಂದ ಮೊದಲ ತುತ್ತು ನಾನು ತಿನ್ನಬೇಕು. ಅಜ್ಜಿ ನನ್ನ ಗಂಟಲನ್ನೇ ನೋಡುತ್ತ ಜಪಮಣಿ ಎಣಿಸುತ್ತಿದ್ದರು. ಮೂವತ್ತಮೂರು ಮಣಿ ಮುಗಿಯುವವರೆಗೆ ನಾನು ಬದುಕಿದ್ದರೆ ಅವರು ಬಾಯಿ ತೆರೆಯುತ್ತಿದ್ದರು.

"ನೋಡಿ ಅಮ್ಮಿ, ಎಮ್ಮೆ ಥರ ಕೂತಿದ್ದಾಳೆ, ಏನೂ ಆಗಿಲ್ಲ," ಅನ್ನುತ್ತಿದ್ದರು ಖಾಲಾ.

"ಎಮ್ಮೆಗೆ ಜಹರ್ ಲೇಟಾಗಿ ಹತ್ತತ್ತೆ," ಅನ್ನುತ್ತಿದ್ದರು ಅಜ್ಜಿ.

ನಾವು ನಗುತ್ತಿದ್ದೆವು. ನಗುತ್ತಿದ್ದೆವು ಅಂತಲೇ ನನ್ನ ನೆನಪು... ಆದರೆ ಆ ಮಣಿಗಳು ಜರುಗುವಾಗ ನಾಲಗೆಯನ್ನು ಹಲ್ಲಿನ ಮೇಲೆ ಆಡಿಸಿ ರುಚಿ ಹುಡುಕುತ್ತಿದ್ದದ್ದೂ ನೆನಪಿದೆ. ದಿನಾ ಒಬ್ಬರ ಕಣ್ಣಲ್ಲಿ ಸಾಯುವವಳಂತೆ ಕಂಡರೆ ಸ್ವಲ್ಪವಾದರೂ ಅದು ಒಳಗಿಳಿಯುತ್ತದೆ. ಜೊತೆಗೆ ನಲ್ಲಿಯ ಹತ್ತಿರದ ಮಾತು ಬೇರೆ: ಮನೆ ಮುದುಕಿಯ ಹೆಸರಲ್ಲಿದೆ, ಸುಮ್ಮನೆ ಯಾರು ಇರುತ್ತಾರೆ? ನಾನು ಅದನ್ನು ನಂಬಿರಲಿಲ್ಲ. ನಂಬಿರಲಿಲ್ಲ ಎಂದು ಈಗ ಬರೆಯುವುದು ಸುಲಭ.

ಒಂದು ಮಧ್ಯಾಹ್ನ ಬಟ್ಟಲಲ್ಲಿದ್ದ ಖಿಚಡಿ ಕಹಿಯಾಗಿತ್ತು.

ಹಾಗಲಕಾಯಿಯ ಕಹಿಯಲ್ಲ, ಮೆಂತ್ಯದ್ದೂ ಅಲ್ಲ. ನಾಲಗೆಯ ಹಿಂಬದಿಗೆ ಅಂಟಿಕೊಂಡು ಬಿಡದ ಕಹಿ. ನುಂಗಲಾಗಲಿಲ್ಲ. ದುಪಟ್ಟಾದ ತುದಿಗೆ ಉಗಿದೆ.

ಅಜ್ಜಿಯ ಕೈಯಲ್ಲಿ ಮಣಿ ನಿಂತಿತು. "ಕಹಿ?" ಎಂದು ಮೆಲ್ಲಗೆ ಕೇಳಿದರು. ನಾನು ಹೌದು ಅಂದೆನೋ, ತಲೆಯಾಡಿಸಿದೆನೋ, ಏನೂ ಮಾಡದೆ ಸುಮ್ಮನೆ ನೋಡಿದೆನೋ... ಇಷ್ಟು ವರ್ಷ ಅದನ್ನು ಎಷ್ಟು ಸಲ ತಿರುವಿ ಹಾಕಿದ್ದೇನೆಂದರೆ ಮೂರೂ ನಡೆದಂತೆ ಅನಿಸುತ್ತದೆ.

ಬಾಗಿಲಲ್ಲಿದ್ದ ಖಾಲಾ ಬಂದು ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡರು. ನೆಲಕ್ಕೆ ಕೂತು, ಅಜ್ಜಿಯ ಎದುರಿಗೇ, ಪೂರ್ತಿ ತಿಂದರು. ಬೆರಳಲ್ಲಿ ಬಟ್ಟಲು ಬಳಿದರು.

"ಆಯ್ತಾ ಅಮ್ಮಿ?"

ಅರ್ಧ ಗಂಟೆಯಾಗಿರಬೇಕು. ಗೋಡೆಗೆ ಒರಗಿದ್ದ ಖಾಲಾ ಮೆಲ್ಲಗೆ ಒಂದು ಬದಿಗೆ ವಾಲಿದರು. ಕರೆದೆ, ಅಲುಗಿಸಿದೆ. "ಹೂಂ" ಎಂದವರು ಕಣ್ಣು ತೆರೆಯಲಿಲ್ಲ. ಮಣಿಕಟ್ಟು ಹಿಡಿದು ನಾಡಿ ಹುಡುಕಿದೆ. ಸಿಕ್ಕಿದ್ದು ಅವರದೋ ನನ್ನದೋ ತಿಳಿಯಲಿಲ್ಲ. ಕೆಳಗಿಳಿದು ಅಮ್ಮನನ್ನು ಕರೆಯಬಹುದಿತ್ತು. ಕರೆಯಲಿಲ್ಲ. ಕರೆದರೆ ವಿಷ ಎಂಬ ಮಾತನ್ನು ನನ್ನ ಬಾಯಿಂದಲೇ ಹೇಳಬೇಕಿತ್ತು. ಆ ಭಯಕ್ಕೆ ಒಬ್ಬ ಹೆಂಗಸಿನ ಉಸಿರು ಎಣಿಸುತ್ತ ಕೂತೆ. ಅವರು ಸತ್ತೇ ಹೋಗಿದ್ದರೆ? ಈಗಲೂ ಇದನ್ನು ಬರೆಯುವಾಗ ಎದ್ದು ಒಂದು ಸುತ್ತು ನಡೆದು ಬಂದೆ.

ಮಂಚದ ಮೇಲಿಂದ ಅಜ್ಜಿ ಎಲ್ಲ ನೋಡುತ್ತಿದ್ದರು. ಅವರ ಮುಖದಲ್ಲಿ ಗಾಬರಿ ಇರಲಿಲ್ಲ. ತಿಂಗಳುಗಟ್ಟಲೆ ಹೇಳಿದ್ದನ್ನು ಯಾರೋ ಕೊನೆಗೂ ಒಪ್ಪಿಕೊಂಡಂತಿತ್ತು. "ನೋಡಿದ್ಯಾ?" ಅಂದರು. "ನಾನು ಹೇಳ್ಲಿಲ್ವಾ?"

ಸಂಜೆ ಹೊತ್ತಿಗೆ ಖಾಲಾ ಎದ್ದರು. ಮುಖ ತೊಳೆದು ಬಂದು ಡಬ್ಬದಿಂದ ಮಾತ್ರೆಯ ಪಟ್ಟಿ ತೆಗೆದು ತೋರಿಸಿದರು. ಅಜ್ಜಿ ನಿದ್ದೆ ಮಾಡುತ್ತಿರಲಿಲ್ಲ, ಮಾತ್ರೆ ಕೊಟ್ಟರೆ ಉಗಿಯುತ್ತಿದ್ದರು, ಪುಡಿ ಮಾಡಿ ಊಟದಲ್ಲಿ ಬೆರೆಸಿ ಎಂದು ಡಾಕ್ಟರು ಹೇಳಿದ್ದರು. ಅಂದೇ ಮೊದಲ ಸಲ. ವಾರದಿಂದ ಕಣ್ಣು ಮುಚ್ಚಿರದ ಖಾಲಾಗೆ ಅದೊಂದು ಮಾತ್ರೆಯೇ ಸಾಕಾಗಿತ್ತು.

"ನಿಂಗೆ ಹೇಳಿದ್ರೆ ನಿನ್ ಮುಖ ನೋಡೇ ಕಂಡ್ಹಿಡೀತಾರೆ ಅಂತ ಹೇಳ್ಲಿಲ್ಲ ಬೇಟಿ," ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಅಂದಿನಿಂದ ಬಟ್ಟಲಲ್ಲಿ ಬಂದದ್ದನ್ನು ಅಜ್ಜಿ ಮುಟ್ಟಲಿಲ್ಲ. ನನ್ನ ತುತ್ತಿಗೂ ಬೆಲೆಯಿರಲಿಲ್ಲ. ತಾವೇ ಸುಲಿಯಬಹುದಾದದ್ದನ್ನು ಮಾತ್ರ ತಿಂದರು: ಬಾಳೆಹಣ್ಣು, ಸಿಪ್ಪೆ ಸಮೇತ ಬೇಯಿಸಿದ ಮೊಟ್ಟೆ, ಕಿತ್ತಳೆ. ಖಾಲಾ ರಸೆಲ್ ಮಾರ್ಕೆಟ್ಟಿನಿಂದ ಹಣ್ಣು ತಂದು ಅಜ್ಜಿಯ ಕೈಗೆಟುಕುವಂತೆ ಇಟ್ಟು ದೂರ ಸರಿಯುತ್ತಿದ್ದರು. ಮೊಟ್ಟೆಯ ಸಿಪ್ಪೆಯಲ್ಲಿ ಬಿರುಕು ಕಂಡರೆ ಅದೂ ಬೇಡ. ಕೈ ಸೋತು ಸುಲಿಯಲಾಗದೆ ಹೋದ ಮೇಲೆ ಅಜ್ಜಿ ಹೆಚ್ಚು ದಿನ ಉಳಿಯಲಿಲ್ಲ. ಬಂದವರಿಗೆಲ್ಲ ಖಾಲಾ, ವಯಸ್ಸಾಗಿತ್ತು ಅಂದರು. ಆಗಿತ್ತು ಕೂಡ. ಆದರೂ ನಾನು ಆ ತುತ್ತನ್ನು ನುಂಗಿಬಿಟ್ಟಿದ್ದರೆ... ಆ ಕಹಿಗೆ ಹೆದರಿದೆನೋ, ಖಾಲಾಗೇ ಹೆದರಿದೆನೋ? ಈ ಪ್ರಶ್ನೆಗೆ ನಾನು ಬರೆದುಕೊಂಡ ಉತ್ತರಗಳು ಒಂದಕ್ಕೊಂದು ಹೊಂದುವುದಿಲ್ಲ.

ಅಜ್ಜಿ ಹೋದ ಮೇಲೆ ಖಾಲಾ ಕೆ.ಆರ್. ಪುರದ ಅಣ್ಣನ ಮನೆಗೆ ಹೋದರು. ಅವರು ಬರೆದುಕೊಟ್ಟಿದ್ದ ವಿಳಾಸ ನನ್ನ ಹಳೆಯ ಡೈರಿಯಲ್ಲಿತ್ತು. ಒಮ್ಮೆಯೂ ಹೋಗಿರಲಿಲ್ಲ. ಸಿನಿಮಾದಿಂದ ಎದ್ದು ಬಂದ ಮುಂದಿನ ಭಾನುವಾರ ಮೆಟ್ರೋ ಹತ್ತಿದೆ. ನಿಮ್ಮನ್ನು ಅನುಮಾನಿಸಿದ್ದೆ, ಖಾಲಾಗೆ ಅಷ್ಟು ಹೇಳಬೇಕಿತ್ತು. ಹೆದರಿಕೆಗೆ ಒಂದು ಸ್ಟೇಷನ್ ಮೊದಲು ಬೆನ್ನಿಗನಹಳ್ಳಿಯಲ್ಲೇ ಇಳಿದು, ಮುಂದಿನ ರೈಲಿಗೆ ಮತ್ತೆ ಹತ್ತಿದೆ.

ಬಾಗಿಲು ತೆರೆದದ್ದು ಖಾಲಾ ಅಣ್ಣನ ಮಗಳು. ಎರಡು ವರ್ಷವಾಯಿತಂತೆ ಖಾಲಾ ತೀರಿಕೊಂಡು. ಕೂರಿಸಿ ಟೀ ಕೊಟ್ಟಳು. ನಾನು ಯಾವ ಗಲ್ಲಿಯವಳೆಂದು ಹೇಳಿದಾಗ ಅವಳ ಕಣ್ಣು ಅರಳಿತು.

"ಓ, ನೀವಾ? ನಮ್ಮತ್ತೆ ಯಾವಾಗ್ಲೂ ಹೇಳೋರು. ಅವ್ರ ಸಾಸ್, ಆ ಅಜ್ಜಿ, ಯಾರ ಕೈಲೂ ತಿಂತಿರ್ಲಿಲ್ಲ, ಕೆಳಗಡೆ ಮನೆ ಹುಡ್ಗಿ ಬಂದ್ರೆ ಮಾತ್ರ ತಿನ್ನೋರು ಅಂತ."

ಇನ್ನೇನಾದರೂ ಹೇಳುತ್ತಿದ್ದರಾ ಎಂದು ಕೇಳಿದೆ.

"ಅಷ್ಟೇ ಕಣ್ರೀ. ಅದು ನೀವೇ ತಾನೇ?"

ಅಲ್ಲ ಎನ್ನಬಹುದಾಗಿದ್ದ ಖಾಲಾ ಈಗ ಇರಲಿಲ್ಲ. ಹೌದು, ನಾನೇ ಅಂದೆ.