ಟೇಬಲ್ಲಿನ ಕೆಳಗಿನ ಮೂರನೆಯ ಮಿಷನ್ನು

ಟೈಲರಮ್ಮನ ಅಂಗಡಿಯಲ್ಲಿ ಎರಡು ಹೊಲಿಗೆ ಮಿಷನ್ನು, ಒಂದು ಟೇಬಲ್ಲು. ಹಾಗೆಂದು ಸರ್ಕಾರ ಒಂಬತ್ತು ವರ್ಷದಿಂದ ನಂಬಿತ್ತು. ನೆಲ ಮುಟ್ಟುವ ಹೂವಿನ ಬಟ್ಟೆ ಎತ್ತಿದರೆ ಆ ಟೇಬಲ್ಲೇ ಮೂರನೆಯ ಮಿಷನ್ನು ಎಂಬುದು ಬೀದಿಗೆಲ್ಲ ಗೊತ್ತು. ಬೀದಿಯ ಹದಿನಾಲ್ಕು ಟೈಲರ್ ಅಂಗಡಿಗಳಲ್ಲೂ ಇಂಥದ್ದೊಂದು ಟೇಬಲ್ಲಿತ್ತು. ಏಕೆಂದರೆ ಎರಡು ಮಿಷನ್ನಿದ್ದರೆ ಅಂಗಡಿ, ಮೂರಾದರೆ ಕಾರ್ಖಾನೆ. ಕಾರ್ಖಾನೆಗೆ ಎರಡು ಬಾಗಿಲು, ವಿಶ್ರಾಂತಿ ಕೊಠಡಿ, ಆರು ರಿಜಿಸ್ಟರು ಬೇಕು. ಟೈಲರಮ್ಮನ ಅಂಗಡಿಯೋ, ಒಬ್ಬರು ಉಸಿರು ಬಿಟ್ಟ ಮೇಲೆ ಇನ್ನೊಬ್ಬರು ಎಳೆದುಕೊಳ್ಳಬೇಕು, ಅಂಥ ಕಿಷ್ಕಿಂಧೆ.

ಆ ಮಿಷನ್ನು ನಾದಿನಿಯದು. ಗಂಡ ತೀರಿಕೊಂಡು ಇಬ್ಬರು ಮಕ್ಕಳೊಂದಿಗೆ ಬಂದವಳಿಗೆ ಅದೇ ಹೊಟ್ಟೆಪಾಡು. ಇನ್ಸ್‌ಪೆಕ್ಟರು ಬೀದಿಯ ತುದಿಯಲ್ಲಿ ಕೆಮ್ಮಿದರೆ ಸಾಕು, ಹೊಲಿಯುತ್ತಿದ್ದ ತೋಳನ್ನು ಅರ್ಧಕ್ಕೆ ಬಿಟ್ಟು, ಎದುರಿನ ಗುಂಡಿ ಅಂಗಡಿಗೆ ಓಡಿ ಗಿರಾಕಿಯ ಹಾಗೆ ನಿಲ್ಲಬೇಕು. ಒಂಬತ್ತು ವರ್ಷದಲ್ಲಿ ಒಂದು ಗುಂಡಿಯನ್ನೂ ಕೊಳ್ಳದ ಗಿರಾಕಿ! ಇತ್ತ ಇನ್ಸ್‌ಪೆಕ್ಟರು ಟೇಬಲ್ಲಿನ ಮೇಲೆ ಟೀ ಲೋಟವಿಟ್ಟು, ದೇಶದ ಗಡಿ ಗುರುತಿಸುವವರ ಗತ್ತಿನಲ್ಲಿ ‘ಮಿಷನ್ ಎರಡು’ ಎಂದು ಬರೆದುಕೊಳ್ಳುತ್ತಿದ್ದರು.

ಒಂದು ದಿನ ಅವರ ಜೊತೆ ಮೇಡಂ ಒಬ್ಬರು ಬಂದರು. ಬೇಡದ ನಿಯಮ ಕಿತ್ತುಹಾಕುವ ಸಮಿತಿಯವರಂತೆ.

“ಹದಿಮೂರು ಅಂಗಡೀಲಿ ಕೇಳಿದೆ. ಯಾರಿಗೂ ಮೂರನೇ ಮಿಷನ್ ಬೇಕಿಲ್ವಂತೆ,” ಎಂದರು ಮೇಡಂ. “ಅಂದ್ಮೇಲೆ ಈ ನಿಯಮದಿಂದ ಯಾರಿಗೂ ತೊಂದರೆ ಇಲ್ಲ. ಇರಲಿ ಅಂತ ಬರೀತೀನಿ.”

“ನಾನು ಹೇಳಿರ್ಲಿಲ್ವಾ ಮೇಡಂ? ನಮ್ಮ ಬೀದಿ ಶಿಸ್ತು ಅಂದ್ರೆ ಶಿಸ್ತು!” ಇನ್ಸ್‌ಪೆಕ್ಟರು ಲೋಟವನ್ನು ಟೇಬಲ್ಲಿನ ಮೇಲಿಟ್ಟರು.

ಎದುರಿಗೆ ನಾದಿನಿ ಗುಂಡಿಯೊಂದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಟೈಲರಮ್ಮನಿಗೆ ಮೈ ಉರಿಯಿತು. ತಾವೆಲ್ಲ ಬಚ್ಚಿಟ್ಟಿದ್ದಕ್ಕೇ ಈ ನಿಯಮ ಇನ್ನೂ ಗಟ್ಟಿಯಾಗಿ ಕೂತಿದೆಯಲ್ಲ!

“ಲೋಟ ಎತ್ಕೊಳ್ಳಿ ಸಾರ್.”

“ಇನ್ನೂ ಅರ್ಧ ಇದೆ ಕಣಮ್ಮ.”

“ಎತ್ಕೊಳ್ಳಿ ಅಂದೆ.”

ಅವರು ಲೋಟ ಎತ್ತಿದ್ದೇ ತಡ, ಟೈಲರಮ್ಮ ಬಟ್ಟೆಯನ್ನು ಸರ್ರನೆ ಎಳೆದಳು. ಒಳಗೆ ಮಡಚಿಕೊಂಡಿದ್ದ ಮಿಷನ್ನನ್ನು ಎತ್ತಿ ನಿಲ್ಲಿಸಿ, ಬಾಗಿಲಿಗೆ ಬಂದು ಕೂಗಿದಳು: “ಗುಂಡಿ ನೋಡಿದ್ದು ಸಾಕು, ಬಾರೇ! ತೋಳು ಮುಗಿಸು.”

“ಅತ್ತಿಗೆ... ಸಾಹೇಬ್ರು ಇದಾರಲ್ಲ!”

“ಇರ್ಲಿ ಬಿಡೇ. ಒಂಬತ್ತು ವರ್ಷ ಟೀ ಕುಡಿದಿದ್ದು ಯಾತರ ಮೇಲೆ ಅಂತ ಅವರೂ ನೋಡ್ಲಿ.”

ಇನ್ಸ್‌ಪೆಕ್ಟರು ಕೆಂಪಗಾದರು. “ಇದು ಕಾರ್ಖಾನೆ! ಬೀಗ ಹಾಕಿಬಿಡ್ತೀನಿ!”

“ಹಾಕಿ. ನಾವು ಒಳಗೇ ಹೊಲೀತಾ ಇರ್ತೀವಿ. ಇರೋದು ಒಂದೇ ಬಾಗಿಲು, ನಿಮಗೂ ಸುಲಭ.”

ಮೇಡಂ ಹೊರಗಿನ ಸಾಲು ಅಂಗಡಿಗಳನ್ನು ನೋಡಿದರು. “ಬೆಳಗಿಂದ ನಾನೂ ಇಂಥ ಟೇಬಲ್ ಮೇಲೇ ಟೀ ಕುಡಿದೆನಾ?”

“ಬೇರೆಯವರದ್ದು ಅವರನ್ನೇ ಕೇಳಿ. ನನ್ನದು ಮೂರು. ಹಾಗೇ ಬರ್ಕೊಳ್ಳಿ.”

ಮೇಡಂ ಮೊದಲು ಬರೆದದ್ದನ್ನು ಹೊಡೆದುಹಾಕಿದರು. “ಸಮಿತಿ ತೀರ್ಮಾನ ಆಗೋವರೆಗೂ ಬೀಗದ ಮಾತು ಎತ್ತಬೇಡ್ರಿ,” ಎಂದು ಇನ್ಸ್‌ಪೆಕ್ಟರಿಗೆ ಹೇಳಿ ಹದಿಮೂರು ಅಂಗಡಿಗಳತ್ತ ವಾಪಸು ನಡೆದರು.

ಅಷ್ಟರಲ್ಲಿ ನಾದಿನಿ ಕೂತು ಪೆಡಲು ಒತ್ತಿಯಾಗಿತ್ತು. ಇನ್ಸ್‌ಪೆಕ್ಟರು ಲೋಟ ಹಿಡಿದು ಅತ್ತಿತ್ತ ನೋಡಿದರು.

“ಇದನ್ನೆಲ್ಲಿ ಇಡಲಮ್ಮ?”

“ಕೈಯಲ್ಲೇ ಇಟ್ಕೊಳ್ಳಿ ಸಾರ್. ಇಲ್ಲಿ ಕೆಲಸ ನಡೀತಿದೆ.”